ಅಳಿವೆಯ ಬಾಗಿಲು: ಮಂಗಳೂರು ಬಂದರಿನ ಪೂರ್ವೋತ್ತರ

ಮಂಗಳೂರಿನ ಚರಿತ್ರೆಯೆಂದೊಡನೆ ನಮ್ಮಲ್ಲಿ ಅನೇಕರಿಗೆ ಅರಸರ ಹೆಸರುಗಳೂ ಮುತ್ತಿಗೆಗಳೂ ಕೌಲುಕರಾರುಗಳೂ ನೆನಪಿಗೆ ಬರುವುವು. ಈ ಊರನ್ನು ಆಳಿದವರು ಹಲವರು. ಇದನ್ನು ಪಟ್ಟಣವನ್ನಾಗಿ ಮಾಡಿದುದು ಮಾತ್ರ ಒಂದು ಅಳಿವೆ. ಪೂರ್ವದಿಂದ ನೇತ್ರಾವತಿಯೂ ಉತ್ತರದಿಂದ ಗುರುಪುರದ ಹೊಳೆಯೂ ಬಂದು, ಬೆಂಗ್ರೆಯೆಂಬ ನೀಳವಾದ ಮರಳಿನ ನಾಲಗೆಯ ಒಳಬದಿಯಲ್ಲಿ ಕೂಡಿ, ಕಡಲನ್ನು ಸೇರುತ್ತವೆ. ಬೆಂಗ್ರೆ ಕಡಲಿನ ಅಲೆಗಳನ್ನು ತಡೆಯುವುದರಿಂದ ಒಳಗಿನ ನೀರು ಕೆರೆಯಂತೆ ಶಾಂತವಾಗಿರುವುದು. ದೋಣಿಗಳಿಗೆ ಇದಕ್ಕಿಂತ ಒಳ್ಳೆಯ ಆಸರೆ ಬೇಕಿಲ್ಲ. ಆದರೆ ಅವೇ ಹೊಳೆಗಳು ಪ್ರತಿ ಮಳೆಗಾಲದಲ್ಲಿಯೂ ಘಟ್ಟದ ಕಡೆಯಿಂದ ಹೊಯಿಗೆಯನ್ನು ಹೊತ್ತು ತಂದು ಬಾಗಿಲಲ್ಲಿ ದಿಣ್ಣೆ ಹಾಕುತ್ತವೆ. ಬಂದರನ್ನು ಕೊಟ್ಟ ನೀರೇ ಬಂದರಿನ ಬಾಗಿಲನ್ನೂ ಮುಚ್ಚುತ್ತ ಬಂದಿದೆ. ದೊಡ್ಡ ಹಡಗು ದಿಣ್ಣೆಯ ಹೊರಗೆ, ಸರಕು ದಂಡೆಯ ಮೇಲೆ. ಇವೆರಡರ ನಡುವಣ ನೀರನ್ನು ದಾಟಿಸುವವನು ದೋಣಿಯವನು. ಈ ನಡುವಣ ಕೆಲಸದ ಚರಿತ್ರೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಕ್ರಿ. ಶ. 6ನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಕಾಸ್ಮಸ್ ಎಂಬವನು ಮೆಣಸನ್ನು ಕಳುಹಿಸುವ ಐದು ರೇವುಗಳನ್ನು ಹೆಸರಿಸುವಲ್ಲಿ 'ಮಂಗರೂತ್' ಎಂಬುದನ್ನೂ ಸೇರಿಸಿದ್ದಾನೆ. ಅದು ಹೆಸರು ಮಾತ್ರ. ಬಂದರಿನ ದಿನನಿತ್ಯದ ವ್ಯವಹಾರವು ನಮ್ಮ ಕಣ್ಣಿಗೆ ಕಟ್ಟುವುದು ಆಳುಪರ ಕಾಲದಲ್ಲಿ. ಅದೂ ನಮ್ಮ ಶಾಸನಗಳಿಂದಲ್ಲ, ಈಜಿಪ್ಟಿನ ಕೈರೋ ನಗರದ ಒಂದು ಯೆಹೂದ್ಯ ಪ್ರಾರ್ಥನಾಮಂದಿರದ ಉಗ್ರಾಣದಿಂದ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದೆಸೆಯಬಾರದೆಂಬ ನಿಷ್ಠೆಯಿಂದ ಆ ಜನರು ಕೂಡಿಟ್ಟ ರದ್ದಿಯಲ್ಲಿ, ಟುನೀಸಿಯದ ಮಹ್ದೀಯಾ ಎಂಬ ಊರಿನ ಅಬ್ರಹಾಂ ಬೆನ್ ಯಿಜೂ ಎಂಬ ವರ್ತಕನ ಪತ್ರಗಳು ದೊರೆತಿವೆ. ಈತನು 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದನು. 1149ರಲ್ಲಿ ಏಡನ್ನಿಗೆ ಹಿಂದಿರುಗಿದನು. ಇಲ್ಲಿಂದ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಇವನ್ನು ಕಳುಹಿಸುತ್ತಿದ್ದನು. ಅಲ್ಲಿಂದ ಗೆಳೆಯರು ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನು ಕಳುಹಿಸುತ್ತಿದ್ದರು. ಇನ್ನೂ ಒಂದು ಸ್ವಾರಸ್ಯವುಂಟು: ಏಡನ್ನಿನವರು ಒಡೆದ ತಾಮ್ರ ಕಂಚುಗಳ ಪಾತ್ರೆಗಳನ್ನು ಇಲ್ಲಿಗೆ ಕಳುಹಿಸಿ, ಬೇಕಾದ ಆಕಾರವನ್ನೂ ತೂಕವನ್ನೂ ವಿವರಿಸಿ, ಹೊಸದಾಗಿ ಎರಕ ಹೊಯ್ಯಿಸಿ ತರಿಸಿಕೊಳ್ಳುತ್ತಿದ್ದರು. ಮಂಗಳೂರಿನ ಕಂಚುಗಾರರ ಕೈಗುಣವು ಅರಬ್ಬೀ ಕಡಲಿನ ಆಚೆಯ ದಡದಲ್ಲಿ ಬೇಕಾದುದಾಗಿತ್ತು. ಬೆನ್ ಯಿಜೂವಿನ ಪರವಾಗಿ ಏಡನ್ನಿಗೆ ಹೋಗಿ ವ್ಯಾಪಾರ ಮುಗಿಸಿ ಬರುತ್ತಿದ್ದವನು ಆತನ ದಾಸನೂ ನಂಬಿಕೆಯ ಕಾರ್ಯಭಾರಿಯೂ ಆಗಿದ್ದ ಒಬ್ಬ ಈ ಕಡೆಯವನು. ಅವನ ಹೆಸರನ್ನು ವಿದ್ವಾಂಸರು 'ಬೊಮ್ಮ' ಎಂದು ಓದಿದ್ದಾರೆ. ಎಂಟುನೂರು ವರ್ಷಗಳಾಚೆಯ ಈ ಬಂದರಿನ ಒಬ್ಬ ಕೆಲಸಗಾರನ ಹೆಸರು ನಮಗೆ ಉಳಿದಿರುವುದು ಪರದೇಶದ ರದ್ದಿಯಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು.

ಇದಾದ ಸುಮಾರು ಇನ್ನೂರು ವರ್ಷಗಳ ಮೇಲೆ, 1342ರ ಹೊತ್ತಿಗೆ, ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತನು 'ಮಂಜರೂರ'ನ್ನು ಕಂಡನು. ಪಾರಸೀಕದ ಮತ್ತು ಯೆಮೆನಿನ ವರ್ತಕರು ಇಲ್ಲಿ ಇಳಿಯುವರೆಂದೂ, ಮೆಣಸು ಶುಂಠಿಗಳು ಹೇರಳವೆಂದೂ, ಸುಮಾರು 4000 ಮಂದಿ ಮುಸಲ್ಮಾನರು ಪಟ್ಟಣದ ಪಕ್ಕದ ಕೇರಿಯಲ್ಲಿ ವಾಸಿಸುವರೆಂದೂ ಬರೆದಿದ್ದಾನೆ. ಅವರಿಗೂ ಊರವರಿಗೂ ಆಗಾಗ ಕಲಹವಾಗುತ್ತಿತ್ತಂತೆ. ವರ್ತಕರು ಬೇಕಾಗಿದ್ದುದರಿಂದ ಅರಸನೇ ನಡುವೆ ನಿಂತು ಸಂಧಿ ಮಾಡಿಸುತ್ತಿದ್ದನಂತೆ. ರಾಜನೀತಿಗೆ ಶಾಸ್ತ್ರಗಳಿಗಿಂತ ಸುಂಕದ ಕಟ್ಟೆಯೇ ಒಳ್ಳೆಯ ಗುರುವಾದ ಉದಾಹರಣೆಗಳಲ್ಲಿ ಇದೊಂದು.

ಪೋರ್ಚುಗೀಸರ ಮಾತನ್ನು ಬೇಗನೆ ಮುಗಿಸಬಹುದು. ಅವರು 1568ರಲ್ಲಿ ಇಲ್ಲಿ ಕೋಟೆ ಕಟ್ಟಿದರು. ಅವರಿಗೆ ಇಲ್ಲಿಂದ ಬೇಕಾಗಿದ್ದುದು ಮೆಣಸು ಮಾತ್ರವಲ್ಲ, ಅಕ್ಕಿಯೂ ಸಹ. ಗೋವೆಯ ಅನ್ನದ ಬಹುಭಾಗವು ಕೆನರಾದ ರೇವುಗಳಿಂದಲೇ ಹೋಗುತ್ತಿತ್ತು. ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದು ಕೆಳದಿಯವರ ಕರಾವಳಿಯನ್ನು ವಶಪಡಿಸಿಕೊಂಡ ಮೇಲೆ ಮಂಗಳೂರು ಅವನ ನೌಕಾಬಲದ ನೆಲೆಯಾಯಿತು. 1783ರ ಮೇ ತಿಂಗಳಿನಲ್ಲಿ ಟಿಪ್ಪುವು ಇಂಗ್ಲಿಷರ ದಂಡನ್ನು ಕೋಟೆಯಲ್ಲಿ ಮುತ್ತಿದನು. ಮಳೆಗಾಲ ತೊಡಗಿ ಕಡಲಿನ ದಾರಿ ಮುಚ್ಚಿತು. ಕೊನೆಗೆ ಆ ದಂಡು 1784ರ ಜನವರಿಯಲ್ಲಿ ಕೋಟೆಯನ್ನು ಬಿಟ್ಟುಕೊಟ್ಟುದು ಹಸಿವಿನಿಂದಲೂ ರೋಗದಿಂದಲೂ. ಅದೇ ವರ್ಷ ಮಾರ್ಚ್ 11ರಂದು ಮಂಗಳೂರಿನ ಕೌಲು ಆಯಿತು. ಗುರುಪುರದ ಹೊಳೆಯ ದಡದ ಬೋಳೂರಿನಲ್ಲಿ ಟಿಪ್ಪುವಿನ ಕಾಲದ ಕರಿಗಲ್ಲಿನ ಸುಲ್ತಾನ್ ಬತ್ತೇರಿಯು ಈಗಲೂ ನಿಂತಿದೆ. ಅದರ ತೋಪಿನ ಕಂಡಿಗಳಿಂದ ನೋಡಿದರೆ ಕಾಣುವುದು ಹೊಳೆಯೂ ಅದರಾಚೆಯ ಮರಳೂ. ಕಾವಲುಗಾರನು ಕಾಯುತ್ತಿದ್ದುದು ಅಳಿವೆಯ ದಾರಿಯನ್ನು.

1799ರಿಂದ ಇಂಗ್ಲಿಷರ ಆಳ್ವಿಕೆ. ಬಂದರಿಗೆ ಈಗ ನಮಗೆ ಪರಿಚಿತವಾದ ರೂಪ ಬಂದುದು 1865ರಲ್ಲಿ ಬಾಸೆಲ್ ಮಿಶನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ. ಹೊಳೆಯಂಚಿನ ಜಿಗುಟುಮಣ್ಣು ದೋಣಿಯಲ್ಲಿ ಬರುತ್ತಿತ್ತು. ಆವಿಗೆಗೆ ಬೇಕಾದ ಸೌದೆಯೂ ದೋಣಿಯಲ್ಲಿ ಬರುತ್ತಿತ್ತು. ಸುಟ್ಟ ಹಂಚು ದೋಣಿಯಲ್ಲಿಯೇ ಬಂದರಿಗೆ ಹೋಗಿ, ಅಲ್ಲಿಂದ ಮಂಜಿಗಳಲ್ಲಿಯೂ ಹಡಗುಗಳಲ್ಲಿಯೂ ಮುಂಬಯಿಗೂ ಆಫ್ರಿಕದ ಕರಾವಳಿಗೂ ಸಾಗುತ್ತಿತ್ತು. ಮಣ್ಣಿನಷ್ಟು ಭಾರವಾದ, ಹಂಚಿನಷ್ಟು ಬೇಗ ಒಡೆಯುವ ಸರಕನ್ನು ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿಸಿ ಮಾರುವುದು ಲಾಭದ ಮಾತಲ್ಲ. ನೀರಿನ ದಾರಿಯಿದ್ದುದರಿಂದಲೇ 'ಮಂಗಳೂರು ಹಂಚು' ದೇಶಾಂತರಗಳಲ್ಲಿ ಹೆಸರಾಯಿತು. ಆಮೇಲೆ ನಮ್ಮವರೂ ಕಾರ್ಖಾನೆಗಳನ್ನು ಹೂಡಿದರು. ಎರಡು ಹೊಳೆಗಳ ದಡಗಳಲ್ಲಿಯೂ ಚಿಮಿಣಿಗಳು ಎದ್ದುವು. 1914ರ ಮಹಾಯುದ್ಧದಲ್ಲಿ ಮಿಶನಿನ ಕಾರ್ಖಾನೆಗಳು ಶತ್ರುಸ್ವತ್ತೆಂದು ಸರಕಾರದ ಕೈಸೇರಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದುವು. ಕೊಡಗು ಚಿಕ್ಕಮಗಳೂರುಗಳ ಕಾಫಿ ಇಲ್ಲಿಗೆ ಬಂದು, ಒಣಗಿ, ಆಯ್ದುಕೊಂಡು, ಮೂಟೆಯಾಗಿ ಹಡಗೇರುತ್ತಿತ್ತು. 20ನೆಯ ಶತಮಾನದಲ್ಲಿ ಗೇರುಬೀಜವೂ ಜತೆಗೂಡಿತು. ಕಾಫಿಯನ್ನು ಆಯ್ದ ಕೈಗಳೂ ಗೇರುಬೀಜದ ಸಿಪ್ಪೆ ಸುಲಿದ ಕೈಗಳೂ ಬಹುಮಟ್ಟಿಗೆ ಹೆಂಗಸರವು. 1907ರಲ್ಲಿ ರೈಲು ಬಂದಿತು. ಆದರೂ ಅಳಿವೆಯ ಬಾಗಿಲು ಹಳೆಯದೇ: ಉಗಿಹಡಗು ಹೊರಗಿನ ಕಡಲಿನಲ್ಲಿ ಲಂಗರು ಹಾಕುವುದು, ಸರಕೂ ಜನವೂ ದೋಣಿಯಲ್ಲಿ ತೂಗಾಡುತ್ತ ಹೋಗಿ ಹತ್ತುವುದು, ಮಳೆಗಾಲದಲ್ಲಿ ಎಲ್ಲವೂ ನಿಲ್ಲುವುದು.

ದ್ವೀಪಗಳ ಮಾತನ್ನು ಇಲ್ಲಿ ಹೇಳದೆ ಬಿಡಲಾಗದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನ್‌ದೀವಿ ದ್ವೀಪಗಳು 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ದ್ವೀಪದವರು ಹೊಸೆದ ತೆಂಗಿನ ನಾರಿನ ಹುರಿ ಸರಕಾರದ ಏಕಸ್ವಾಮ್ಯ. ಅವರು ಅದನ್ನು ಮಂಗಳೂರಿಗೆ ತಂದು ಒಪ್ಪಿಸಿ, ಬದಲಿಗೆ ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಹುರಿಗೆ ಬೆಲೆ ಕಟ್ಟುವವನೂ ಅಕ್ಕಿಯನ್ನು ಅಳೆಯುವವನೂ ಒಬ್ಬನೇ ಆದಾಗ ಲಾಭ ಯಾವ ಕಡೆಗೆ ವಾಲುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಬಾವಿಗೆ ಕತ್ತದ ಹಗ್ಗ ಕಟ್ಟಿದ ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ಆ ಹೊಸೆದ ಕೈಗಳನ್ನು ನೆನೆದಿರುವರೋ ತಿಳಿಯದು.

ಅಳಿವೆಯ ಹೊಯಿಗೆಯೊಡನೆ ಹೆಣಗಾಡುವುದನ್ನು ಬಿಟ್ಟು ಬೇರೆ ಬಾಗಿಲನ್ನೇ ತೆಗೆಯುವುದೆಂದು ಸ್ವತಂತ್ರ ಭಾರತದ ಸರಕಾರ ನಿಶ್ಚಯಿಸಿತು. ಬಂದರಿನಿಂದ ಸುಮಾರು 10 ಕಿಲೋಮೀಟರು ಉತ್ತರಕ್ಕೆ, ಪಣಂಬೂರಿನಲ್ಲಿ ನೆಲವನ್ನು ತೋಡಿ ಕಡಲನ್ನು ಒಳಗೆ ಬರಮಾಡಿ ನವಮಂಗಳೂರು ಬಂದರನ್ನು ನಿರ್ಮಿಸಿದರು. 1974ರ ಮೇ 4ರಂದು ಅದು ಮಹಾಬಂದರೆಂದು ಸಾರಲ್ಪಟ್ಟಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ನೆಲ ಬಿಟ್ಟುಕೊಟ್ಟ ಒಕ್ಕಲುಗಳು ಕಾಟಿಪಳ್ಳ ಮೊದಲಾದೆಡೆ ಹೊಸ ಮನೆ ಹೂಡಬೇಕಾಯಿತು. 1980ರ ಬಳಿಕ ಕುದುರೆಮುಖದ ಕಬ್ಬಿಣದ ಅದಿರು ನೀರಿನೊಡನೆ ಕೊಳವೆಯಲ್ಲಿ ಹರಿದು ಘಟ್ಟವಿಳಿದು ಪಣಂಬೂರಿಗೆ ಬರತೊಡಗಿತು. 2005ರ ಕೊನೆಯಲ್ಲಿ ಗಣಿ ನಿಲ್ಲುವ ವರೆಗೆ ಹೀಗೆಯೇ ನಡೆಯಿತು. ಯಾರ ಹೆಗಲನ್ನೂ ಮುಟ್ಟದೆ ಬೆಟ್ಟವೊಂದು ಹಡಗೇರಬಹುದೆಂಬುದನ್ನು ಬೆನ್ ಯಿಜೂವಿನ ಬೊಮ್ಮನು ನಂಬುತ್ತಿದ್ದನೆ?

ಹಳೆಯ ಬಂದರು ಸತ್ತಿತೆಂದು ಹೇಳುವವರುಂಟು. ನಸುಕಿನಲ್ಲಿ ಒಮ್ಮೆ ದಕ್ಕೆಗೆ ಹೋಗಿ ಬಂದವರು ಹಾಗೆ ಹೇಳಲಾರರು. ಮಂಜಿ ಕಟ್ಟುತ್ತಿದ್ದ ನೀರಿನಲ್ಲಿ ಈಗ ಮೀನಿನ ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿವೆ. ಈ ಬದಲಾವಣೆಯೂ ನೋವಿಲ್ಲದೆ ಆದುದಲ್ಲ: ಊರಿನ ಗಂಡಸರೆಲ್ಲ ಕೂಡಿ ದಂಡೆಯಿಂದ ಎಳೆಯುತ್ತಿದ್ದ ರಂಪಣಿ ಬಲೆಯು 1975ರ ಸುಮಾರಿಗೆ ಬಂದ ಪರ್ಸೀನ್ ಬೋಟುಗಳ ಮುಂದೆ ಕೆಲವೇ ವರ್ಷಗಳಲ್ಲಿ ಸೋತಿತು; ಪಾಲುಗಾರರಾಗಿದ್ದ ಮೊಗವೀರರಲ್ಲಿ ಹಲವರು ಬೋಟಿನ ಕೆಲಸದವರಾದರು. ಅಳಿವೆಗೆ ಕಲ್ಲಿನ ತಡೆಗೋಡೆಗಳಾಗಿವೆ. ಹೊಯಿಗೆ ಇನ್ನೂ ತುಂಬುತ್ತಲೇ ಇದೆ. ಕಡಲೇ ಮುಚ್ಚುತ್ತಿದ್ದ ಮಳೆಗಾಲದ ಬಾಗಿಲನ್ನು ಈಗ ಕಾನೂನೂ ಮುಚ್ಚುತ್ತದೆ: ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಂತ್ರದ ಬೋಟುಗಳು ಕಡಲಿಗಿಳಿಯಕೂಡದು. ಲಕ್ಷದ್ವೀಪಕ್ಕೆ ಸಿಮೆಂಟು, ಅಕ್ಕಿ, ತರಕಾರಿಗಳನ್ನು ಹೇರಿದ ಮಂಜಿಗಳು ಹಳೆಯ ಬಂದರಿನಿಂದಲೇ ಹೊರಡುತ್ತವೆ.

ಈಚೆಗೆ ಹೊಳೆಯ ತಡಿಯಲ್ಲಿ ವಿಹಾರಪಥಗಳನ್ನು ನಿರ್ಮಿಸುವ ಯೋಜನೆಗಳಾಗಿವೆ. ಸಂಜೆಯ ಗಾಳಿಗೆ ಜನ ಹೊಳೆಯಂಚಿಗೆ ಬರುವುದು ಸಂತೋಷವೇ. ಆದರೆ ಬಲೆ ಒಣಗಿಸುವ, ದೋಣಿ ಎಳೆದಿಡುವ, ಹಲಗೆ ಬಡಿಯುವ ಸ್ಥಳವೂ ಅದೇ ತಡಿಯೆಂಬುದು ನಕ್ಷೆ ಬರೆಯುವವರಿಗೆ ನೆನಪಿರಬೇಕು. ಹಂಚಿನ ಚಿಮಿಣಿಗಳು ಉರುಳಿದಂತೆ ಅವುಗಳ ಕಚೇರಿಯ ಪುಸ್ತಕಗಳೂ ಗುಜರಿಗೆ ಹೋಗಿವೆ. ಬಂದರಿನ ಹಳೆಯ ಮಂಡಿಗಳು ಒಂದೊಂದಾಗಿ ಕೈಬದಲಾಗುತ್ತಿವೆ. ನಮ್ಮ ವಾಚಕರ ಮನೆಗಳ ಅಟ್ಟದಲ್ಲಿ ಮಂಡಿಯ ಖಾತೆ ಪುಸ್ತಕ, ದೋಣಿ ಬಾಡಿಗೆಯ ಚೀಟಿ, ಕೂಲಿಯ ಪಟ್ಟಿ, ಹಂಚಿನ ಕಾರ್ಖಾನೆಯ ಕಾಗದಪತ್ರ, ಮೋಡಿ ಅಕ್ಷರದಲ್ಲಾಗಲಿ ಅರಬ್ಬೀ ಲಿಪಿಯಲ್ಲಾಗಲಿ ಬರೆದ ಲೆಕ್ಕ ಏನಾದರೂ ಉಳಿದಿದ್ದರೆ, ಹುಳು ಹಿಡಿದುದಾದರೂ ಚಿಂತೆಯಿಲ್ಲ, ತೂಕಕ್ಕೆ ಹಾಕುವ ಮೊದಲು ಸಂಘಕ್ಕೆ ಒಂದು ಮಾತು ತಿಳಿಸಬೇಕು. ನಾವೇ ಬಂದು ನೋಡುವೆವು. ನಕಲು ಮಾಡಿಕೊಂಡು ಮೂಲವನ್ನು ಹಿಂದಕ್ಕೆ ಒಪ್ಪಿಸುವೆವು.