ಕಣ್ಣಿನ ತೀರ್ಪು

ಲೋಟದ ನೀರಿನಲ್ಲಿ ಮೈಲುತುತ್ತದ ಚೂರೊಂದನ್ನು ಕರಗಿಸಿದರೆ ನೀರು ನೀಲಿಯಾಗುತ್ತದೆ. ಇನ್ನೊಂದು ಚೂರು ಬೆರೆತರೆ ನೀಲಿ ಗಾಢವಾಗುತ್ತದೆ. ಇಷ್ಟನ್ನು ಮಗುವೂ ಹೇಳಬಲ್ಲದು. ಆದರೆ ಎಷ್ಟು ಗಾಢವೆಂದು ಕೇಳಿದರೆ ನಮ್ಮ ಕಣ್ಣು ಮೌನ ತಾಳುತ್ತದೆ. ಆ ಮೌನವನ್ನು ಅಂಕಿಯ ಮಾತಾಗಿಸಲು ಯೂರೋಪಿನ ಮೂವರು ವಿದ್ವಾಂಸರ ಶ್ರಮವೂ ಒಂದೂಕಾಲು ಶತಮಾನವೂ ಬೇಕಾದವು.

ಮೊದಲನೆಯವನು ಫ್ರಾನ್ಸಿನ ಪಿಯೆರ್ ಬೂಗೇರ್. ತಂದೆಯ ಮರಣಾನಂತರ ಹದಿಹರೆಯದಲ್ಲೇ ನೌಕಾವಿದ್ಯೆಯ ಅಧ್ಯಾಪಕನಾದವನು. ಒಂದು ಬೆಳಕು ಇನ್ನೊಂದರ ಎಷ್ಟು ಪಟ್ಟು ಎಂಬುದನ್ನು ಕಣ್ಣು ಅರಿಯದು. ಆದರೆ ಪಕ್ಕಪಕ್ಕದ ಎರಡು ಬೆಳಕುಗಳು ಸಮವೇ ಅಲ್ಲವೇ ಎಂಬ ತೀರ್ಪನ್ನು ಚೆನ್ನಾಗಿ ಕೊಡಬಲ್ಲದು. ಇದನ್ನು ಮನಗಂಡ ಬೂಗೇರ್, ಮೇಣದ ಬತ್ತಿಯನ್ನು ಮಧ್ಯಸ್ಥಿಕೆಗೆ ಇರಿಸಿಕೊಂಡು, ಸೂರ್ಯನ ಬೆಳಕು ಹುಣ್ಣಿಮೆಯ ಬೆಳಕಿನ ಸುಮಾರು 3 ಲಕ್ಷ ಪಟ್ಟು ಎಂದು ಲೆಕ್ಕ ಹಾಕಿದ. 1729ರ ತನ್ನ ಗ್ರಂಥದಲ್ಲಿ ಆತ ಮತ್ತೊಂದು ಸತ್ಯವನ್ನು ಸಾರಿದ: ಸಮದಪ್ಪದ ಪದರಗಳು ಬೆಳಕಿನ ಸಮಮೊತ್ತವನ್ನಲ್ಲ, ಸಮಪಾಲನ್ನು ಹೀರುತ್ತವೆ. ಮೊದಲ ಪದರ ಅರ್ಧವನ್ನು ನುಂಗಿದರೆ, ಎರಡನೆಯದು ಉಳಿದುದರಲ್ಲಿ ಅರ್ಧವನ್ನು ನುಂಗುತ್ತದೆ. ಮೂರನ್ನೂ ದಾಟಿ ಬರುವುದು ಎಂಟರಲ್ಲೊಂದು ಪಾಲು ಮಾತ್ರ.

1760ರಲ್ಲಿ ದರ್ಜಿಯೊಬ್ಬನ ಮಗನಾದ ಯೋಹಾನ್ ಹೈನ್ರಿಖ್ ಲ್ಯಾಂಬರ್ಟ್ ಈ ತತ್ತ್ವಕ್ಕೆ ಗಣಿತದ ರೂಪ ಕೊಟ್ಟ. ಬೂಗೇರನನ್ನು ಸ್ಮರಿಸಲು ಮರೆಯಲಿಲ್ಲ. ಆದರೆ ಇಬ್ಬರ ಗಮನವೂ ಪದರದ ದಪ್ಪದ ಮೇಲಿತ್ತು, ಕರಗಿದ ವಸ್ತುವಿನ ಪ್ರಮಾಣದ ಮೇಲಲ್ಲ. ಆ ಹೆಜ್ಜೆಯನ್ನಿಟ್ಟವನು ಜರ್ಮನಿಯ ಆಗಸ್ಟ್ ಬೀರ್. ಬಣ್ಣದ ದ್ರವಗಳು ಕೆಂಪು ಬೆಳಕನ್ನು ಹೀರುವ ಬಗೆಯನ್ನು ಆತ 1852ರಲ್ಲಿ ಪ್ರಕಟಿಸಿದ. ಲವಣದ ದ್ರಾವಣವನ್ನು ಎರಡು ಪಟ್ಟು ತೆಳುವಾಗಿಸಿ, ಬೆಳಕು ಸಾಗುವ ದಾರಿಯನ್ನು ಎರಡು ಪಟ್ಟು ಉದ್ದವಾಗಿಸಿದರೆ, ಹೊರಬರುವ ಬೆಳಕು ಬದಲಾಗದು. ಇದೇ ಅವನ ನಿಯಮದ ತಿರುಳು. ತೀರ ಸಾಂದ್ರವಾದ ದ್ರಾವಣಗಳಲ್ಲಿ ಮಾತ್ರ ಅದು ತಪ್ಪುತ್ತದೆ.

1870ರಲ್ಲಿ ಪ್ಯಾರಿಸಿನ ಜೂಲ್ ಡುಬೋಸ್ಕ್ ಇದಕ್ಕೊಪ್ಪುವ ಉಪಕರಣ ರಚಿಸಿದ. ಒಂದು ಬಟ್ಟಲಲ್ಲಿ ಅಳತೆ ತಿಳಿದ ದ್ರಾವಣ, ಇನ್ನೊಂದರಲ್ಲಿ ತಿಳಿಯದ್ದು. ಎರಡರ ಬಣ್ಣ ಸಮನಾಗುವವರೆಗೆ ಆಳವನ್ನು ಹೊಂದಿಸಬೇಕು. ತಿಳಿದುದರ ಆಳ 4 ಸೆಂಟಿಮೀಟರ್, ತಿಳಿಯದುದರದು 2 ಆದರೆ, ಎರಡನೆಯದರಲ್ಲಿ ಲವಣದ ಸಾಂದ್ರತೆ ಇಮ್ಮಡಿ. ಇಲ್ಲಿಯೂ ತೀರ್ಪುಗಾರ ಬೂಗೇರನ ಅದೇ ಕಣ್ಣು! 1941ರಲ್ಲಿ ಅಮೆರಿಕದ ಬೆಕ್‌ಮನ್ ಉಪಕರಣ ಬಂದ ಮೇಲೆ ಆ ಪೀಠವನ್ನು ವಿದ್ಯುತ್ ನಳಿಗೆಗಳು ಏರತೊಡಗಿದವು.

ಇಂದು ಪಠ್ಯಪುಸ್ತಕಗಳು ಇದನ್ನು ಬೀರ್–ಲ್ಯಾಂಬರ್ಟ್ ನಿಯಮವೆನ್ನುತ್ತವೆ. ಬುನಾದಿ ಹಾಕಿದವನ ಹೆಸರು ಅನೇಕ ವೇಳೆ ಬಿಟ್ಟುಹೋಗುತ್ತದೆ. ಕಣ್ಣಿಗೆ ಏನು ಅಸಾಧ್ಯವೆಂಬುದನ್ನು ಮೊದಲು ಒಪ್ಪಿಕೊಂಡು, ಸಾಧ್ಯವಾದುದರಿಂದಲೇ ಅಳತೆಗೋಲು ಮಾಡಿಕೊಂಡವನು ಅವನು. ಆ ವಿನಯಕ್ಕಾದರೂ ನಾವು ಅವನನ್ನು ನೆನೆಯಬೇಕು.