ಮಾಡಿನ ತೊಲೆಗಳೂ ಬಲಗಳ ಲೆಕ್ಕವೂ

ಹಳೆಯ ದೇವಾಲಯಗಳಲ್ಲಿ ತಲೆಯೆತ್ತಿ ನೋಡಿದರೆ, ಮಾಡನ್ನು ಹೊತ್ತು ನಿಂತ ತ್ರಿಕೋನಾಕಾರದ ತೊಲೆಕಟ್ಟು ನಮ್ಮ ಕಣ್ಣಿಗೆ ಬೀಳುತ್ತದೆ. ಇಂಜಿನಿಯರರು ಇದನ್ನು ಟ್ರಸ್ ಎನ್ನುತ್ತಾರೆ. ಸಿನಾಯಿ ಬೆಟ್ಟದ ತಪ್ಪಲಿನ ಸಂತ ಕ್ಯಾಥರೀನಮ್ಮನವರ ಮಠದ ದೇವಾಲಯದಲ್ಲಿ ಚಕ್ರವರ್ತಿ ಜಸ್ಟೀನಿಯನನ ಕಾಲದ, ಎಂದರೆ ಕ್ರಿ. ಶ. 548 ರಿಂದ 565 ರ ನಡುವಣ, ಮರದ ಟ್ರಸ್ಸುಗಳು ಇಂದಿಗೂ ಉಳಿದಿವೆ. ಅವನ್ನು ಜೋಡಿಸಿದ ಬಡಗಿಗಳಿಗೆ ಅನುಭವವೇ ಗುರುವಾಗಿತ್ತು. ಯಾವ ತೊಲೆಯ ಮೇಲೆ ಎಷ್ಟು ಬಲ ಬೀಳುವುದೆಂಬ ಲೆಕ್ಕ ದೊರೆಯಲು ಮತ್ತೆ ಸುಮಾರು 1300 ವರ್ಷಗಳು ಬೇಕಾದವು.

ಈ ಲೆಕ್ಕಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರು ಗುರುಗಳೇ ಆಗಿದ್ದರೆಂಬುದು ನಮಗೆ ಸಂತೋಷದ ಸಂಗತಿ. ಫ್ರಾನ್ಸಿನ ಪಿಯೇರ್ ವಾರಿನ್ಯೋನರು ಬಲಗಳನ್ನು ರೇಖೆಗಳಿಂದ ಅಳೆಯುವ ಕ್ರಮವನ್ನು ವಿವರಿಸಿದ ಗ್ರಂಥವು, ಅವರು ತೀರಿಕೊಂಡ ಮೂರು ವರ್ಷಗಳ ಬಳಿಕ, 1725 ರಲ್ಲಿ ಅಚ್ಚಾಯಿತು. 1847 ರಲ್ಲಿ ಅಮೆರಿಕದ ಸ್ಕ್ವಾಯರ್ ವಿಪ್ಪಲ್ ಎಂಬವರು ಟ್ರಸ್ಸಿನ ಪ್ರತಿಯೊಂದು ಅಂಗದ ಬಲವನ್ನು ಲೆಕ್ಕಿಸುವ ವಿಧಾನವನ್ನು ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಮ್ಯಾಕ್ಸ್‌ವೆಲ್ 1864 ರಲ್ಲಿಯೂ, ಇಟಲಿಯ ಕ್ರೆಮೋನಾ 1872 ರಲ್ಲಿಯೂ ಅದೇ ಲೆಕ್ಕವನ್ನು ಕಾಗದದ ಮೇಲೆ ಗೆರೆಯೆಳೆದು ಮಾಡುವ ದಾರಿಯನ್ನು ತೋರಿಸಿದರು.

ತತ್ವವು ಸರಳವಾದುದು. ತೊಲೆಗಳು ಕೂಡುವ ಸಂಧಿಯು ಅಲುಗದೆ ನಿಂತಿದೆಯೆಂದರೆ, ಅಲ್ಲಿ ಸೇರುವ ಬಲಗಳೆಲ್ಲ ಒಂದನ್ನೊಂದು ಸರಿದೂಗಿಸಿವೆ ಎಂದರ್ಥ. ಮಾಡಿನ ನೆತ್ತಿಯ ಮೇಲೆ 1000 ಕಿಲೋಗ್ರಾಂ ಭಾರವಿದೆಯೆನ್ನೋಣ. ಇಳಿಜಾರು 45 ಡಿಗ್ರಿಯಾದರೆ ಒಂದೊಂದು ಓರೆತೊಲೆಯ ಮೇಲೆ 707 ಕಿಲೋಗ್ರಾಮಿನಷ್ಟು ಒತ್ತಡ, ಕೆಳಗಿನ ಅಡ್ಡತೊಲೆಯಲ್ಲಿ 500 ರಷ್ಟು ಎಳೆತ. ಇಳಿಜಾರನ್ನು 30 ಡಿಗ್ರಿಗೆ ತಗ್ಗಿಸಿದರೆ ಒತ್ತಡವು 1000 ಕ್ಕೂ, ಎಳೆತವು 866 ಕ್ಕೂ ಏರುತ್ತದೆ. ಆ ಎಳೆತವನ್ನು ತಾಳಿಕೊಳ್ಳುವ ಅಡ್ಡತೊಲೆಯಿಲ್ಲದಿದ್ದರೆ ಓರೆತೊಲೆಗಳು ಗೋಡೆಗಳನ್ನು ಹೊರಕ್ಕೆ ತಳ್ಳುತ್ತವೆ. ನಡುಗಂಬವು ಮಾಡನ್ನು ಹೊತ್ತಂತೆ ಕಂಡರೂ, ನಿಜವಾಗಿ ಅದು ನೆತ್ತಿಯಿಂದ ತೂಗುತ್ತಾ ಅಡ್ಡತೊಲೆಯನ್ನು ಎತ್ತಿ ಹಿಡಿದಿರುತ್ತದೆ.

ಆದರೆ ಲೆಕ್ಕವೊಂದೇ ಸಾಲದು. 1876 ರ ದಶಂಬರ 29 ರಂದು ಅಮೆರಿಕದ ಆಷ್ಟಬ್ಯುಲಾ ಎಂಬಲ್ಲಿ ಕಬ್ಬಿಣದ ಟ್ರಸ್ ಸೇತುವೆಯೊಂದು ರೈಲುಗಾಡಿಯ ಸಮೇತ ಕುಸಿದು, ಸುಮಾರು 90 ಮಂದಿ ಮಡಿದರು. ಸಂಧಿಯೊಂದರಲ್ಲಿದ್ದ ಎರಕದ ಕಬ್ಬಿಣದ ತುಂಡು ಒಡೆದುದೇ ಆ ಕುಸಿತಕ್ಕೆ ಮೊದಲಾಯಿತು. ಅಂಗಗಳ ಬಲವನ್ನು ತಿಳಿದ ಮೇಲೂ ಸಂಧಿಗಳನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕೆಂಬ ಪಾಠವನ್ನು ಜನರು ಪ್ರಾಣ ತೆತ್ತು ಕಲಿಯಬೇಕಾಯಿತು.

ಆದುದರಿಂದ ಮಾಡನ್ನು ದುರಸ್ತಿಗೊಳಿಸುವಾಗ, ಅಡ್ಡತೊಲೆಯು ದೃಷ್ಟಿಗೆ ಅಡ್ಡಿಯೆಂದು ಯಾರಾದರೂ ಹೇಳಿದರೆ, ಅದನ್ನು ಕೊಯ್ಯಿಸುವ ಮುನ್ನ ನಾವು ಗೋಡೆಗಳತ್ತ ಒಮ್ಮೆ ನೋಡೋಣ. ಅವು ನೆಟ್ಟಗೆ ನಿಂತಿರುವುದು ಆ ತೊಲೆಯ ದೆಸೆಯಿಂದಲೇ.