ಗುಜರಿ ಸೇರಿದ ಜೀಪಿನ ಕಥೆ

ಯುದ್ಧ ಮುಗಿದ ಮೇಲೆ ಸೈನಿಕರು ಮನೆಗೆ ಮರಳುತ್ತಾರೆ. ಅವರು ಓಡಿಸಿದ ವಾಹನಗಳು ಎಲ್ಲಿಗೆ ಹೋಗುತ್ತವೆ? ಒಪ್ಪಂದಗಳಿಗೂ ಗಡಿರೇಖೆಗಳಿಗೂ ಅಧ್ಯಾಯಗಳನ್ನೇ ಮೀಸಲಿಡುವ ಇತಿಹಾಸಕಾರರು ಈ ಸಣ್ಣ ಪ್ರಶ್ನೆಯ ಕಡೆಗೆ ಗಮನ ಕೊಡುವುದು ಅಪರೂಪ. ಆದರೆ ಎರಡನೆಯ ಮಹಾಯುದ್ಧದ ತರುವಾಯ ಅಗ್ಗಕ್ಕೆ ಬಂದ ಹಳೆಯ ಜೀಪುಗಳ ಜಾಡು ಹಿಡಿದು ಹೊರಟರೆ, ಇಂಗ್ಲೆಂಡಿನ ಒಂದು ಪ್ರಸಿದ್ಧ ಕಾರ್ಖಾನೆ, ಮನಿಲಾ ನಗರದ ಬೀದಿಗಳು, ಸ್ವತಂತ್ರ ಭಾರತದ ಮೊದಲ ಹಗರಣ, ಬೊಂಬಾಯಿಯ ಒಂದು ಉದ್ಯಮ, ಎಲ್ಲವೂ ಒಂದೇ ದಾರಿಯಲ್ಲಿ ಎದುರಾಗುತ್ತವೆ. ಹಳೆಯ ಗಾಡಿಯೊಂದನ್ನು ಕೊಂಡು ರಿಪೇರಿ ಮಾಡಿಸಿಕೊಳ್ಳುವ ಮಾತು ಕೆಲವೊಮ್ಮೆ ರಾಷ್ಟ್ರಗಳ ಮಾತೂ ಆಗುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಜೀಪು ಅವಸರದ ಕೂಸು. 1940ರ ಜುಲೈ ತಿಂಗಳಲ್ಲಿ ಅಮೆರಿಕದ ಸೈನ್ಯ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ತಲಪುವಂಥ ಹಗುರ ವಾಹನವೊಂದು ಬೇಕೆಂದು 135 ಕಂಪನಿಗಳಿಗೆ ಬರೆಯಿತು. ಮಾದರಿಯನ್ನು ಒಪ್ಪಿಸಲು ಕೊಟ್ಟ ಗಡುವು 49 ದಿನ. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಎಂಬ, ದಿವಾಳಿಯ ಅಂಚಿನಲ್ಲಿದ್ದ ಸಣ್ಣ ಕಂಪನಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ್ನು ಕರೆಸಿತು. ಆತ ಎರಡೇ ದಿನಗಳಲ್ಲಿ ನಕ್ಷೆ ಬರೆದು ಮುಗಿಸಿದ. ಗಾಡಿ ಸೆಪ್ಟೆಂಬರ್ 23ರಂದು, ಗಡುವು ತೀರಲು ಅರ್ಧ ಗಂಟೆಯಿರುವಾಗ, ಸೈನ್ಯದ ಅಂಗಳಕ್ಕೆ ಬಂದು ನಿಂತಿತು. ಆದರೆ ದೊಡ್ಡ ಗುತ್ತಿಗೆ ದೊಡ್ಡವರಿಗೇ ಹೋಯಿತು. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವಷ್ಟರಲ್ಲಿ ಸೇರಿ ಸುಮಾರು 6 ಲಕ್ಷ 40 ಸಾವಿರ ಜೀಪುಗಳನ್ನು ತಯಾರಿಸಿದುವು. ಹೆತ್ತವಳಿಗೆ ಮಗು ದಕ್ಕಲಿಲ್ಲ.

ಈ ಗಾಡಿಯ ಮುಂದಿನ ಬಾಳಿಗೆ ಕಾರಣವಾದುದು ಅದರ ಶೌರ್ಯಕ್ಕಿಂತ ಹೆಚ್ಚಾಗಿ ಅದರ ಕಟ್ಟಡ. ಎರಡು ಕಂಪನಿಗಳಲ್ಲಿ ತಯಾರಾದರೂ ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದಬೇಕೆಂಬುದು ಸೈನ್ಯದ ಕಟ್ಟಪ್ಪಣೆ. ಫೋರ್ಡ್ ಕಂಪನಿ ತನ್ನ ಬೋಲ್ಟುಗಳ ತಲೆಯ ಮೇಲೆಲ್ಲ ‘ಎಫ್’ ಎಂಬ ಅಕ್ಷರವನ್ನು ಅಚ್ಚೊತ್ತಿತು. ಹಳೆಯ ಜೀಪನ್ನು ಕಳಚುವವರು ಇಂದಿಗೂ ಅದನ್ನು ಕಂಡು ಗಾಡಿಯ ಕುಲಗೋತ್ರ ಹೇಳುತ್ತಾರೆ. ಆದರೆ ಫೋರ್ಡ್‌ನ ಬೋಲ್ಟು ವಿಲ್ಲಿಸ್‌ನ ತೂತಿಗೆ ಸರಿಯಾಗಿಯೇ ಕೂರುತ್ತಿತ್ತು. ನಾಲ್ಕು ಸಿಲಿಂಡರಿನ, 60 ಕುದುರೆಶಕ್ತಿಯ ಎಂಜಿನ್ನು, ಮೂರು ಗೇರು, ಪಕ್ಕದಲ್ಲಿ ಎರಡು ಪುಟ್ಟ ಸನ್ನೆಗೋಲುಗಳು. ಅವುಗಳಲ್ಲಿ ಒಂದನ್ನು ಎಳೆದರೆ ಮುಂದಿನ ಚಕ್ರಗಳೂ ದುಡಿಯಲಾರಂಭಿಸುತ್ತವೆ. ಇನ್ನೊಂದನ್ನು ಎಳೆದರೆ ವೇಗ ತಗ್ಗಿ ಎಳೆತದ ಬಲ ಹೆಚ್ಚುತ್ತದೆ. ಗುಟ್ಟು ಇಷ್ಟೇ. ಕೆಲವೇ ಸ್ಪ್ಯಾನರುಗಳಿದ್ದವನು, ಓದು ಬರಹ ಹೆಚ್ಚಾಗಿ ಬಾರದಿದ್ದರೂ, ಮರದ ನೆರಳಿನಲ್ಲಿ ಕುಳಿತು ಬಿಚ್ಚಿ ಜೋಡಿಸಬಹುದಾದ ಯಂತ್ರ. ಯುದ್ಧಭೂಮಿಯಲ್ಲಿ ಬೇಗ ರಿಪೇರಿಯಾಗಲೆಂದು ಮಾಡಿದ ಈ ಏರ್ಪಾಡೇ ಮುಂದೆ ಬಡವರ ಪಾಲಿನ ವರವಾಯಿತು.

1945ರಲ್ಲಿ ಶಾಂತಿ ಬಂದಾಗ, ಈ ಲಕ್ಷಾಂತರ ಜೀಪುಗಳಲ್ಲಿ ಉಳಿದವು ಸರ್ಕಾರಕ್ಕೆ ಹೊರೆಯಾದವು. ಹಡಗಿನಲ್ಲಿ ತುಂಬಿ ತಾಯ್ನಾಡಿಗೆ ಸಾಗಿಸುವುದಕ್ಕಿಂತ ಇದ್ದಲ್ಲಿಯೇ ಮಾರಿಬಿಡುವುದು ಲಾಭವೆಂದು ಕಂಡಿತು. ಅಮೆರಿಕದಲ್ಲಿ ಆಗ ಹುಟ್ಟಿದ ದಂತಕಥೆಯೊಂದಿದೆ. ಐವತ್ತು ಡಾಲರು ಕಳುಹಿಸಿದರೆ ಎಣ್ಣೆ ಬಳಿದು ಪೆಟ್ಟಿಗೆಯಲ್ಲಿಟ್ಟ ಹೊಚ್ಚ ಹೊಸ ಜೀಪು ಮನೆಬಾಗಿಲಿಗೆ ಬರುತ್ತದೆಂಬ ಆಸೆ ಹತ್ತಾರು ವರ್ಷ ಅಲ್ಲಿನ ಹುಡುಗರ ಕಣ್ಣಿಗೆ ಕಟ್ಟಿತ್ತು. ಪತ್ರಿಕೆಗಳಲ್ಲಿನ ಜಾಹೀರಾತು ನಂಬಿ ಹಣ ಕಳುಹಿಸಿದವರಿಗೆ ಬರುತ್ತಿದ್ದುದು ಸರ್ಕಾರಿ ಹರಾಜಿನಲ್ಲಿ ಕೂಗುವುದು ಹೇಗೆಂದು ತಿಳಿಸುವ ಒಂದು ಪುಸ್ತಿಕೆ ಮಾತ್ರ. ಹೊಸದರಲ್ಲಿ ಸರ್ಕಾರಕ್ಕೇ ಸುಮಾರು 740 ಡಾಲರು ಬಿದ್ದ ಗಾಡಿ ಅದು. ಐವತ್ತಕ್ಕೆ ಸಿಕ್ಕುವುದಾದರೆ ಅದು ಯಾವ ಸ್ಥಿತಿಯಲ್ಲಿರಬೇಕೆಂದು ಯೋಚಿಸುವಷ್ಟು ವ್ಯವಧಾನ ಆಸೆಗೆ ಇರುವುದಿಲ್ಲ.

ಹಳೆಯ ಜೀಪನ್ನು ಕೊಂಡವರಲ್ಲಿ ಜಗತ್ತಿಗೆ ಹೆಚ್ಚು ಉಪಕಾರಿಯಾದವನು ಮಾರಿಸ್ ವಿಲ್ಕ್ಸ್. ಈತ ಇಂಗ್ಲೆಂಡಿನ ರೋವರ್ ಕಾರು ಕಂಪನಿಯ ಮುಖ್ಯ ಎಂಜಿನಿಯರು. ಅಣ್ಣ ಸ್ಪೆನ್ಸರ್ ವಿಲ್ಕ್ಸ್ ಅದೇ ಕಂಪನಿಯ ಆಡಳಿತಗಾರ. ವೇಲ್ಸ್ ಪ್ರಾಂತದ ಆ್ಯಂಗಲ್‌ಸೀ ದ್ವೀಪದಲ್ಲಿ ಮಾರಿಸನಿಗೊಂದು ಜಮೀನಿತ್ತು. ಅಲ್ಲಿನ ಕೆಲಸಕ್ಕೆ ಆತ ಸೈನ್ಯದ ಹಳೆಯ ಜೀಪೊಂದನ್ನು ಇಟ್ಟುಕೊಂಡಿದ್ದ. ದಣಿದಿದ್ದ ಆ ಗಾಡಿ ಮೇಲಿಂದ ಮೇಲೆ ಕೈಕೊಡುತ್ತಿತ್ತು. ಇದು ಕೆಟ್ಟರೆ ಬದಲಿಗೆ ಏನು ಕೊಳ್ಳುವುದೆಂಬ ಪ್ರಶ್ನೆ ಹುಟ್ಟಿತು. ಇನ್ನೊಂದು ಜೀಪಲ್ಲದೆ ಬೇರೆ ಗತಿಯಿಲ್ಲವೆಂಬ ಉತ್ತರವೂ ಸಿಕ್ಕಿತು. ಕಾರು ಕಂಪನಿಯ ಎಂಜಿನಿಯರನಿಗೆ ಇದು ನಾಚಿಕೆಯ ಮಾತಲ್ಲವೆ? ರೆಡ್ ವಾರ್ಫ್ ಕಡಲತೀರದ ಮರಳಿನ ಮೇಲೆ ಆತ ಹೊಸ ವಾಹನದ ಆಕಾರವನ್ನು ಗೀಚಿ ಅಣ್ಣನಿಗೆ ತೋರಿಸಿದನೆಂದು ಹೇಳುತ್ತಾರೆ. 1947ರಲ್ಲಿ ಸಿದ್ಧವಾದ ಮೊದಲ ಮಾದರಿಗೆ ಜೀಪಿನ ಚಾಸಿಯನ್ನೇ ಬಳಸಿದರು. ಉಕ್ಕಿಗೆ ಆಗ ಇಂಗ್ಲೆಂಡಿನಲ್ಲಿ ರೇಷನ್ನು. ಆದುದರಿಂದ ಮೈಗೆ ಅಲ್ಯುಮಿನಿಯಮ್ ಮಿಶ್ರಲೋಹವನ್ನು ಹೊದಿಸಿದರು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಲೋಕಕ್ಕೆ ಮುಖ ತೋರಿಸಿತು. ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ 80 ಅಂಗುಲ, ಜೀಪಿನದರಷ್ಟೇ. ತಂದೆಯ ಹೋಲಿಕೆ ಮಗನಲ್ಲಿ ಎಲ್ಲಿ ಹೋದೀತು? ಅದೇ ವಂಶದ ಡಿಫೆಂಡರ್ ಗಾಡಿ 2016ರ ಜನವರಿಯವರೆಗೆ ಸಾಲಿಹಲ್ ಕಾರ್ಖಾನೆಯಿಂದ ಹೊರಬರುತ್ತಿತ್ತು.

ಫಿಲಿಪೈನ್ಸಿನ ಕಥೆ ಇನ್ನೊಂದು ಬಗೆಯದು. ಯುದ್ಧದಲ್ಲಿ ಮನಿಲಾ ನಗರ ನೆಲಸಮವಾಗಿತ್ತು. ಟ್ರಾಮು ಬಸ್ಸುಗಳು ಉಳಿದಿರಲಿಲ್ಲ. ಅಮೆರಿಕನ್ನರು ಬಿಟ್ಟುಹೋದ ಜೀಪುಗಳು ಮಾತ್ರ ಬೇಕಾದಷ್ಟಿದ್ದವು. ಜನ ಅವನ್ನು ಕೊಂಡು, ಹಿಂಭಾಗವನ್ನು ಉದ್ದ ಮಾಡಿ, ಮೇಲೆ ಸೂರು ಹಾಕಿ, ಎರಡು ಕಡೆಗೆ ಉದ್ದನೆಯ ಬೆಂಚು ಜೋಡಿಸಿ ಬಾಡಿಗೆಗೆ ಓಡಿಸತೊಡಗಿದರು. ಸೈನ್ಯದ ಮಾಸಲು ಹಸಿರಿನ ಮೇಲೆ ಕೆಂಪು, ಹಳದಿ, ನೀಲಿ ಬಣ್ಣಗಳು ಏರಿದುವು. ದೇವರ ಚಿತ್ರಗಳೂ ಮಕ್ಕಳ ಹೆಸರುಗಳೂ ಬಂದುವು. ಮೂತಿಯ ಮೇಲೆ ಹೊಳೆಯುವ ಲೋಹದ ಕುದುರೆ ಬೊಂಬೆ ನಿಂತಿತು. ಜೀಪು ಬರುವುದಕ್ಕೆ ಮೊದಲು ಆ ಬೀದಿಗಳಲ್ಲಿ ಓಡುತ್ತಿದ್ದ ಕಲೆಸಾ ಎಂಬ ಕುದುರೆಗಾಡಿಯ ನೆನಪು ಅದು. ನಮ್ಮ ಜಟಕಾ ಸಾಬಿ ತನ್ನ ಕುದುರೆಯ ತುರಾಯಿಯನ್ನು ಟ್ಯಾಕ್ಸಿಗೆ ಸಿಕ್ಕಿಸಿಕೊಂಡಂತೆ. ‘ಜೀಪ್ನಿ’ ಎಂಬ ಈ ಗಾಡಿಗಳನ್ನು ಕಟ್ಟುವ ಕಾರ್ಖಾನೆಗಳೇ ಹುಟ್ಟಿದುವು. ಅವುಗಳಲ್ಲಿ ಹೆಸರಾದ ಸರಾವೊ ಕಂಪನಿ ಪ್ರಾರಂಭವಾದುದು 1953ರಲ್ಲಿ. ಹಳೆಯ ಜೀಪ್ನಿಗಳನ್ನು ತೆಗೆದು ಹೊಸ ವಾಹನಗಳನ್ನು ತರಬೇಕೆಂದು 2017ರಿಂದ ಅಲ್ಲಿನ ಸರ್ಕಾರ ಹೊರಟಾಗ ಚಾಲಕರು ಮುಷ್ಕರ ಹೂಡಿದರು. ಹೊಗೆಯ ಮಾತು ನಿಜ. ಆದರೆ ಹೊಸ ಗಾಡಿಯ ಸಾಲವನ್ನು ತೀರಿಸುವವನು ಯಾರೆಂಬ ಅವರ ಪ್ರಶ್ನೆಯೂ ನಿಜ.

ಈಗ ನಮ್ಮ ದೇಶಕ್ಕೆ ಬರೋಣ. 1947ರ ಕೊನೆಯಲ್ಲಿ ಕಾಶ್ಮೀರದ ಕದನ ಮೊದಲಾದಾಗ ನಮ್ಮ ಸೈನ್ಯಕ್ಕೆ ಬೆಟ್ಟದ ದಾರಿಯಲ್ಲಿ ಓಡಬಲ್ಲ ಜೀಪುಗಳು ತುರ್ತಾಗಿ ಬೇಕಾಗಿದ್ದವು. 1948ರಲ್ಲಿ ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿ. ಕೆ. ಕೃಷ್ಣ ಮೆನನ್ ಅವರು, ಉಪಯೋಗಿಸಿ ಬಿಟ್ಟು ರಿಪೇರಿ ಮಾಡಿದ ಜೀಪುಗಳಿಗಾಗಿ ವಿದೇಶಿ ಸಂಸ್ಥೆಯೊಂದರೊಡನೆ ಸುಮಾರು 80 ಲಕ್ಷ ರೂಪಾಯಿಗಳ ಒಪ್ಪಂದಕ್ಕೆ ಸಹಿ ಹಾಕಿದರು. ಮಾಮೂಲು ಕ್ರಮವನ್ನು ಬದಿಗಿಟ್ಟು, ಹಣದ ದೊಡ್ಡ ಪಾಲನ್ನು ಮುಂಗಡವಾಗಿ ತೆತ್ತರೆಂಬ ಆಕ್ಷೇಪ ಬಂತು. ಭಾರತದ ರೇವಿಗೆ ಬಂದಿಳಿದುವು 155 ಜೀಪುಗಳು. ಅವು ಕೆಲಸಕ್ಕೆ ಬಾರವೆಂದು ಸೈನ್ಯದವರು ಹೇಳಿದರು. ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದಿತು, ವಿಚಾರಣೆಗಳು ನಡೆದುವು. 1955ರ ಸೆಪ್ಟೆಂಬರ್ 30ರಂದು ಗೃಹಮಂತ್ರಿ ಗೋವಿಂದ ವಲ್ಲಭ ಪಂತರು ಸರ್ಕಾರದ ಮಟ್ಟಿಗೆ ಪ್ರಕರಣ ಮುಗಿಯಿತೆಂದು ಸಾರಿದರು. ಮರುವರ್ಷದ ಫೆಬ್ರುವರಿಯಲ್ಲಿ ಮೆನನ್ನರು ಕೇಂದ್ರ ಮಂತ್ರಿಗಳಾದರು. 1957ರಲ್ಲಿ ರಕ್ಷಣಾ ಖಾತೆಯೇ ಅವರ ಕೈಗೆ ಬಂತು. ಯಾವ ನ್ಯಾಯಾಲಯವೂ ಅವರನ್ನು ತಪ್ಪಿತಸ್ಥರೆಂದು ಹೇಳಲಿಲ್ಲ. ಆದರೆ ‘ಜೀಪು ಹಗರಣ’ ಎಂಬ ಮಾತು ಅವರ ಹೆಸರಿನ ಬೆನ್ನು ಬಿಡಲೂ ಇಲ್ಲ.

ಉದ್ದೇಶದ ಚರ್ಚೆಯನ್ನು ಬದಿಗಿಟ್ಟು ವ್ಯವಹಾರವನ್ನಷ್ಟೇ ನೋಡಿದರೂ ಇಲ್ಲಿ ಪಾಠವಿದೆ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂದು ನಮ್ಮ ಗಾದೆ ಹೇಳುತ್ತದೆ. ಕಾಸು ಕೊಟ್ಟು ಕೊಳ್ಳುವ ಎಮ್ಮೆಯ ಹಲ್ಲನ್ನಾದರೋ ನೋಡಲೇಬೇಕು. ಮನಿಲಾದ ಚಾಲಕ ತಾನು ಕೊಂಡ ಜೀಪಿನ ಕೆಳಗೆ ತಾನೇ ಮಲಗಿ ನೋಡಿದ. ವಿಲ್ಕ್ಸನು ಅದರ ಒಂದೊಂದು ಕೀಲಿನ ಸ್ವಭಾವವನ್ನೂ ಅರಿತಿದ್ದ. ದೆಹಲಿಯ ಸರ್ಕಾರಕ್ಕಾಗಿ ಲಂಡನ್ನಿನಲ್ಲಿ ನಡೆದ ವ್ಯಾಪಾರದಲ್ಲಿ ಕೊಳ್ಳುವವನು ಒಬ್ಬ, ಹಣ ತೆರುವವನು ಇನ್ನೊಬ್ಬ, ಓಡಿಸಬೇಕಾದವನು ಸಾವಿರಾರು ಮೈಲಿ ದೂರದ ಮತ್ತೊಬ್ಬ.

ಇದೇ ಕಾಲದಲ್ಲಿ ಬೊಂಬಾಯಿಯಲ್ಲಿ ಇನ್ನೊಂದು ದಾರಿ ತೆರೆಯುತ್ತಿತ್ತು. ಜೆ. ಸಿ. ಮಹೀಂದ್ರ, ಕೆ. ಸಿ. ಮಹೀಂದ್ರ ಸಹೋದರರು ಗುಲಾಮ್ ಮಹಮ್ಮದರೊಡನೆ ಸೇರಿ 1945ರಲ್ಲಿ ಮಹೀಂದ್ರ ಅಂಡ್ ಮಹಮ್ಮದ್ ಎಂಬ ಉಕ್ಕಿನ ವ್ಯಾಪಾರದ ಸಂಸ್ಥೆಯನ್ನು ಆರಂಭಿಸಿದ್ದರು. ದೇಶ ಒಡೆಯಿತು, ಗುಲಾಮ್ ಮಹಮ್ಮದರು ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಹೋದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ವಿಲ್ಲಿಸ್ ಕಂಪನಿಯಿಂದ ಬಿಡಿಬಿಡಿಯಾಗಿ ಬಂದ ಜೀಪಿನ ಭಾಗಗಳನ್ನು ಇವರು ಬೊಂಬಾಯಿಯಲ್ಲಿ ಜೋಡಿಸತೊಡಗಿದರು. ಮೊದಲ ಕಂತಿನಲ್ಲಿ ಬಂದುವು 75. ಜೋಡಿಸುತ್ತ ಜೋಡಿಸುತ್ತ ತಯಾರಿಸುವುದನ್ನೂ ಕಲಿತರು. ಬ್ಲಾಕ್ ಆಫೀಸಿನ ಮುಂದೆಯೂ ಮಲೆನಾಡಿನ ಕಾಫಿ ತೋಟಗಳ ಕಣಗಳಲ್ಲಿಯೂ ಓದುಗರು ಕಂಡಿರಬಹುದಾದ ಜೀಪುಗಳು ಈ ಸಂತಾನದವು.

ಈಚೆಗೆ ಹಳೆಯ ಜೀಪನ್ನು ಕೊಂಡು ಹೊಸದರಂತೆ ಮಾಡುವ ಹವ್ಯಾಸ ನಗರದ ತರುಣರಲ್ಲಿ ಹೆಚ್ಚಿದೆ. ಸೈನ್ಯದ ಹರಾಜಿನಿಂದ ಹೊರಬಿದ್ದ ಗಾಡಿ ಎಂದರೆ ಅವರಿಗೆ ವಿಶೇಷ ಮೋಹ. ಮೇಲಿನ ಬಣ್ಣ ಎಂಥ ಮುಪ್ಪನ್ನೂ ಮುಚ್ಚಬಲ್ಲದು; ಆದುದರಿಂದ ನೋಟ ಕೆಳಗಿನಿಂದ ಮೊದಲಾಗಬೇಕು. ಚಾಸಿಯಲ್ಲಿ ಬಿರುಕಿದೆಯೆ, ಬೆಸುಗೆ ಹಾಕಿದ ಗುರುತಿದೆಯೆ? ಯುದ್ಧಕಾಲದ ಜೀಪಾದರೆ ಚಾಲಕನ ಆಸನದ ಕೆಳಗಿನ ಪೆಟ್ರೋಲ್ ಟ್ಯಾಂಕು ಕೂರುವ ಗುಂಡಿಯಲ್ಲಿ ನೀರು ನಿಂತು ತುಕ್ಕು ತಿಂದಿರುತ್ತದೆ. ಮುಂದಿನ ಚಕ್ರಗಳಿಗೆ ಬಲ ಕೊಡುವ ಸನ್ನೆಗೋಲು ಕೆಲಸ ಮಾಡುತ್ತದೆಯೇ ಎಂಬುದನ್ನು ಮಣ್ಣಿನ ನೆಲದ ಮೇಲೆ ಓಡಿಸಿಯೇ ನೋಡಬೇಕು. ಚಾಸಿಯ ಮೇಲಿನ ಸಂಖ್ಯೆಯೂ ಎಂಜಿನ್ನಿನ ಸಂಖ್ಯೆಯೂ ಕಾಗದಪತ್ರದಲ್ಲಿರುವುದಕ್ಕೆ ತಾಳೆಯಾಗಬೇಕು. 15 ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣದ ಖರ್ಚೂ ಉಂಟು. ಕೊಂಡ ಬೆಲೆಯನ್ನು ಮೀರಿ ರಿಪೇರಿಯ ಲೆಕ್ಕ ಬೆಳೆಯುವುದು ಇಂಥಲ್ಲಿ ಅಪರೂಪವೇನೂ ಅಲ್ಲ.

ಬೆಂಗಳೂರಿನ ಜೆ. ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿಯೂ ಶಿವಾಜಿನಗರದ ಗುಜರಿಯಲ್ಲಿಯೂ ಹಳೆಯ ಗಾಡಿಯ ಹಲ್ಲುಚಕ್ರವೊಂದನ್ನು ಕೈಯಲ್ಲಿ ತಿರುಗಿಸಿ ನೋಡಿ, ಇದು ಇಂಥದಕ್ಕೆ ಹೊಂದುತ್ತದೆಂದು ಹೇಳಬಲ್ಲ ಹಿರಿಯರು ಸಿಕ್ಕುತ್ತಾರೆ. ಅವರ ವಿದ್ಯೆ ಯಾವ ಪುಸ್ತಕಕ್ಕೂ ಸೇರಿಲ್ಲ. ಜೀಪಿನ ಇತಿಹಾಸದಲ್ಲಿ ಸೇನಾನಿಗಳ ಮತ್ತು ಮಂತ್ರಿಗಳ ಹೆಸರುಗಳು ಉಳಿದಿವೆ. ಮನಿಲಾದಲ್ಲಿ ಮೊದಲ ಜೀಪಿಗೆ ಸೂರು ಹೊದಿಸಿದ ಕಮ್ಮಾರನ ಹೆಸರು ಉಳಿದಿಲ್ಲ. ಹಳೆಯ ಜೀಪು ಕೊಳ್ಳಬೇಕೆಂದಿರುವವರು ಮೊದಲು ಇಂಥ ಒಬ್ಬ ಹಿರಿಯರ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಬರೆದಿಟ್ಟುಕೊಳ್ಳುವ ಅಭ್ಯಾಸವಿದ್ದರೆ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.